ನೀರಾನೆ ನಡೆಸಿದ ದೋಣಿ

ಪುಸ್ತಕ ಹಿಡಿದು ನಗುವ ಮಗು ಏನನ್ನೂ ಕಲಿಯುತ್ತಿಲ್ಲವೆಂದು ನಿಮಗೆ ಹೇಳಿಕೊಟ್ಟವರು ಯಾರು? ಆ ಪುಸ್ತಕವನ್ನು ಕಿತ್ತುಕೊಂಡು, ಅದರ ಜಾಗದಲ್ಲಿ ಕಾಪಿಪುಸ್ತಕವನ್ನಿಟ್ಟು, "ಈಗ ಓದು" ಎಂದು ಗದರುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಮಗುವಿನ ಒಳ್ಳೆಯದಕ್ಕೇ ಎನ್ನುವಿರಿ. ಹಾರ್ಮೆನ್ ಕೂಡ ಹಾಗೆಯೇ ಎನ್ನುತ್ತಿದ್ದ.

ಹಾರ್ಮೆನ್ ಸರಕು ದೋಣಿಯ ಯಜಮಾನ. ರಾಟರ್‌ಡ್ಯಾಮ್ ಬಂದರಿನಿಂದ ಗೋಧಿ ತುಂಬಿಕೊಂಡು ವಾಲ್ ನದಿಯಲ್ಲಿ ಮೇಲಕ್ಕೆ ಹೋಗುವುದು, ಸಿಕ್ಕ ಸರಕು ಹೇರಿಕೊಂಡು ಕೆಳಕ್ಕೆ ಬರುವುದು ಅವನ ಬದುಕು. ದೋಣಿಯ ಹಿಂಬದಿಯ ಮೂರು ಕೋಣೆಗಳೇ ಮನೆ. ಹೆಂಡತಿ ಅಲೈದಾ, ಆರು ವರ್ಷದ ಮಗಳು ಫೆನ್ನಾ, ಇಷ್ಟೇ ಸಂಸಾರ. ಬೇಸಿಗೆ ಕಳೆದರೆ ಫೆನ್ನಾ ದೋಣಿಯವರ ಮಕ್ಕಳಿಗೆಂದೇ ಇರುವ ವಸತಿಶಾಲೆಗೆ ಹೋಗಬೇಕು. ಹಾರ್ಮೆನ್ ಚಿಕ್ಕವನಿದ್ದಾಗ ಹಾಗೆಯೇ ಹೋದವನು. ತಡವರಿಸುತ್ತ ಓದುತ್ತಿದ್ದ ಅವನನ್ನು ದಡದ ಹುಡುಗರು ಆಡಿಕೊಂಡು ನಕ್ಕಿದ್ದರು. ಮಗಳಿಗೆ ಆ ಗತಿ ಬರಬಾರದೆಂದು ಅವನು ದಪ್ಪನೆಯ ಕಾಪಿಪುಸ್ತಕವೊಂದನ್ನು ತಂದ. ದಿನಕ್ಕೊಂದು ಪುಟ ತಿದ್ದಿದ ಮೇಲೆಯೇ ಡೆಕ್ಕಿಗೆ ಹೋಗಬೇಕೆಂಬುದು ಅವನ ಕಟ್ಟಪ್ಪಣೆ. "ಅಪ್ಪಾ, ಬಾತುಕೋಳಿ ಕಾಲಿಗೆ ಚಳಿ ಆಗಲ್ವಾ?" ಎಂದರೆ, "ಮೊದಲು ಪುಟ ಮುಗಿಸು" ಎಂಬುದೊಂದೇ ಉತ್ತರ.

ಫೆನ್ನಾ ಪುಟಗಳನ್ನು ಮುಗಿಸುತ್ತ ಬಂದಳು. ಪ್ರಶ್ನೆ ಕೇಳುವುದನ್ನೂ ಮುಗಿಸಿಬಿಟ್ಟಳು.

ಅದನ್ನು ಮೊದಲು ಗಮನಿಸಿದವಳು ಅಲೈದಾ. "ಮಗು ಏನೂ ಕೇಳ್ತಾನೇ ಇಲ್ಲ ಕಣ್ರೀ," ಎಂದಳು. "ಅಕ್ಷರ ಕಂಡ್ರೆ ಮುಖ ತಿರುಗಿಸ್ತಾಳೆ. ನಾಳೆ ನಾವಿಬ್ರೂ ಇಲ್ಲದ ಜಾಗದಲ್ಲಿ ಇರಬೇಕಾದೋಳು. ಬಾಯಿ ಬಿಟ್ಟು ಕೇಳೋದನ್ನೇ ಮರೆತ್ರೆ ಅಲ್ಲಿ ಹೆಂಗೆ ಬದುಕ್ತಾಳೆ?"

"ಜಾಣೆ ಆಗ್ತಿದಾಳೆ ಅಂದ್ಕೋ," ಎಂದ ಹಾರ್ಮೆನ್. ಆದರೆ ಆ ಮಾತು ಅವನಿಗೇ ರುಚಿಸಲಿಲ್ಲ.

ಆ ವಾರ ನದಿಯ ಮೇಲೆ ಮಂಜು ಕವಿಯಿತು. ದೋಣಿಗಳೆಲ್ಲ ದಡದ ಕಟ್ಟೆಯಲ್ಲಿ ಒಂದರ ಪಕ್ಕ ಒಂದು ಹಗ್ಗ ಬಿಗಿದು ನಿಂತವು. ಪಕ್ಕದ ದೋಣಿ ವೀಟ್ಸ್ಕೆಯದು. ಮೂರು ಮಕ್ಕಳನ್ನು ದೋಣಿಯಲ್ಲೇ ಬೆಳೆಸಿ ದಡಕ್ಕೆ ಕಳುಹಿಸಿದ ಗಟ್ಟಿಗಿತ್ತಿ ಅವಳು. ದೋಣಿಯವರ ರೂಢಿಯಂತೆ ಮುಂಬದಿಯ ಡೆಕ್ಕಿನಿಂದಲೇ ದಾಟಿ, ಬಾಗಿಲಲ್ಲಿ ಬೂಟು ಕಳಚಿಟ್ಟು, ಕಂಕುಳಲ್ಲೊಂದು ಚೀಲ ಇರುಕಿಕೊಂಡು ಒಳಗೆ ಬಂದಳು. ದೋಣಿಯಿಂದ ದೋಣಿಗೆ ಕೈ ಬದಲಾಯಿಸುತ್ತ ಬಂದ ಚಿತ್ರಪುಸ್ತಕಗಳು ಅದರಲ್ಲಿದ್ದವು.

"ತಗೋ ಪುಟ್ಟಿ. ಇದರಲ್ಲೊಬ್ಬ ನೀರಾನೆ ದೋಣಿ ನಡೆಸ್ತಾನೆ. ನಿಮ್ಮಪ್ಪನಿಗಿಂತ ಸ್ವಲ್ಪ ತೆಳ್ಳಗಿದಾನೆ."

ಫೆನ್ನಾ ಪುಸ್ತಕ ತೆರೆದಳು. ಸ್ವಲ್ಪ ಹೊತ್ತಿಗೆ ಮೂಲೆಯಿಂದ ಕಿಲಕಿಲ ನಗು ಕೇಳಿಸಿತು. ಹಾರ್ಮೆನ್ ಬಟಾಣಿ ಸೂಪಿನ ಬಟ್ಟಲಿನಿಂದ ತಲೆಯೆತ್ತಿದ.

"ವೀಟ್ಸ್ಕೆ, ಇವೆಲ್ಲ ಕೋತಿಯಾಟ ಬೇಡ ನಮಗೆ. ಅವಳು ಓದೋದು ಕಲೀಬೇಕು, ಹಲ್ಲು ಕಿರಿಯೋದಲ್ಲ."

"ಹಲ್ಲು ಮುಚ್ಕೊಂಡು ಕಲಿತದ್ದು ಎಷ್ಟಾಯ್ತಪ್ಪ ಇಲ್ಲೀವರೆಗೂ?"

"ಕಾಪಿಪುಸ್ತಕ ಅರ್ಧ ಆಗಿದೆ."

"ಪುಸ್ತಕ ಅರ್ಧ ಆಗಿರೋದು ನಂಗೂ ಕಾಣುತ್ತೆ. ಮಗೂನೂ ಅರ್ಧ ಆಗಿದೆಯಲ್ಲೋ! ನೋಡು, ನಗಿಸೋ ಪುಸ್ತಕ ಅಂದ್ರೆ ಪೊಳ್ಳು ಪುಸ್ತಕ ಅಲ್ಲ. ಮಗು ನಗಬೇಕು ಅಂದ್ರೆ ಮೊದಲು ಅದಕ್ಕೆ ಅರ್ಥ ಆಗಬೇಕು. ನೀರಾನೆ ಟೋಪಿ ಬದಲು ಬಾಣಲೆ ಇಟ್ಕೊಂಡಿದಾನೆ ಅಂತ ನಗ್ತಾಳಲ್ಲ, ಬಾಣಲೆ ಯಾವುದು, ಟೋಪಿ ಯಾವುದು ಅಂತ ಗೊತ್ತಿರೋದಕ್ಕೇ ನಗ್ತಾಳೆ. ಚಿತ್ರ ನೋಡ್ತಾ ನೋಡ್ತಾ ಕೆಳಗೇನು ಬರೆದಿದೆ ಅಂತ ಆಸೆ ಹುಟ್ಟುತ್ತೆ. ಆಸೆ ಹುಟ್ಟಿದ್ರೆ ಅಕ್ಷರ ತಾನಾಗಿ ಬರುತ್ತೆ. ನನ್ನ ಮೂರೂ ಹಂಗೇ ಕಲಿತದ್ದು."

"ಸುಳ್ಳು ಪಳ್ಳು ಬರೆದಿರ್ತಾರೆ."

"ಹಂಗಾದ್ರೆ ನೀನೇ ಓದಿ, ಸುಳ್ಳೆಲ್ಲಿದೆ ತೋರಿಸು," ಎಂದು ವೀಟ್ಸ್ಕೆ ಕಾಫಿ ಮುಗಿಸಿ ಎದ್ದು ಹೋದಳು.

ಮಧ್ಯಾಹ್ನವೂ ಮಂಜು ಕರಗಲಿಲ್ಲ. ಹಾರ್ಮೆನ್ ಪುಸ್ತಕವನ್ನು ಚುಕ್ಕಾಣಿ ಕೋಣೆಗೆ ಒಯ್ದ. ನಾಲ್ಕು ತಪ್ಪು ಹುಡುಕಿ ವೀಟ್ಸ್ಕೆಯ ಮುಖಕ್ಕೆ ಹಿಡಿಯುವುದು ಅವನ ಲೆಕ್ಕಾಚಾರ. ಎರಡನೆಯ ಪುಟದಲ್ಲೇ ಸಿಕ್ಕಿತು. ದೋಣಿಯ ಬಲಬದಿಗೆ ಕೆಂಪು ದೀಪ, ಎಡಬದಿಗೆ ಹಸಿರು!

"ಅಲೈದಾ! ಬಾ ಇಲ್ಲಿ! ಇದನ್ನ ಬರೆದೋನು ಜನ್ಮದಲ್ಲಿ ದೋಣಿ ಹತ್ತಿಲ್ಲ. ಬಲಕ್ಕೆ ಹಸಿರು ಇರಬೇಕು ಅನ್ನೋದೂ ಗೊತ್ತಿಲ್ಲ ಮುಠ್ಠಾಳಂಗೆ. ಇಂಥದ್ದನ್ನ ಮಕ್ಕಳಿಗೆ ಕೊಡ್ತಾರಾ?"

ಬಂದವಳು ಅಲೈದಾ ಅಲ್ಲ. ಫೆನ್ನಾ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಅದು ಬೇಕಂತ್ಲೇ ಮಾಡಿರೋದು ಅಪ್ಪ," ಎಂದಳು ಮೆಲ್ಲಗೆ. "ಪುಟಕ್ಕೊಂದು ತಪ್ಪು ಇಟ್ಟಿದಾರೆ. ನಾವು ಹುಡುಕಬೇಕು. ವೀಟ್ಸ್ಕೆ ಅತ್ತೆ ಹೇಳಿದ್ರು."

"ಹಂಗಾ? ದೀಪದ್ದು ನಿಂಗೆ ಸಿಕ್ತಾ?"

"ಅದು ಸುಲಭ. ಲಂಗರಿನ ಬದಲು ದುಂಡನೆ ಚೀಸ್ ಗಡ್ಡೆ ಕಟ್ಟಿರೋದೂ ಸಿಕ್ತು. ಕೊನೇ ಪುಟದ್ದು ಸಿಕ್ಕಿಲ್ಲ."

ಮಗಳಿಗೆ ದೀಪಗಳ ಎಡಬಲ ಗೊತ್ತಿದೆಯೆಂಬುದೇ ಹಾರ್ಮೆನ್‌ಗೆ ಗೊತ್ತಿರಲಿಲ್ಲ. ಅವನು ಕೊನೆಯ ಪುಟ ತೆರೆದ. ನೀರಾನೆ ಚುಕ್ಕಾಣಿ ಹಿಡಿದು ಸಿಳ್ಳೆ ಹಾಕುತ್ತಿದ್ದ. ದೀಪ ಸರಿಯಿತ್ತು. ಬಾವುಟ ಸರಿಯಿತ್ತು. ಹಗ್ಗದ ಗಂಟೂ ಸರಿಯಿತ್ತು. ಇಪ್ಪತ್ತು ವರ್ಷ ನದಿಯ ಮೇಲೆ ದೋಣಿ ನಡೆಸಿದವನಿಗೆ ತಪ್ಪು ಕಾಣಲೇ ಇಲ್ಲ.

"ನಿಂಗೂ ಸಿಗ್ತಿಲ್ವಾ?" ಫೆನ್ನಾ ಅವನ ತೊಡೆಯೇರಿ ಕುಳಿತಳು. ಚಿತ್ರದಲ್ಲಿ ಸರಕು ತುಂಬುವ ಜಾಗದ ಬಾಗಿಲು ತೆರೆದಿತ್ತು. ಒಳಗೊಂದು ಹಲಗೆ, ಹಲಗೆಯ ಮೇಲೆ ಚಿಕ್ಕದೊಂದು ಪದ. ಅವಳು ಅದರ ಮೇಲೆ ಬೆರಳಿಟ್ಟಳು. ತುಟಿ ಅಲುಗಿಸಿದಳು. ಯಾರೂ ಹೇಳದೆ, ಯಾರೂ ಗದರದೆ, ಅಕ್ಷರಕ್ಕೆ ಅಕ್ಷರ ಕೂಡಿಸಿದಳು.

"ಖಾ...ಲಿ. ಖಾಲಿ!"

ಹಾರ್ಮೆನ್ ಪುಸ್ತಕವನ್ನು ಅವಳತ್ತ ಇನ್ನಷ್ಟು ಸರಿಸಿದ.

"ಅಪ್ಪಾ," ಎಂದಳು ಫೆನ್ನಾ, ಚಿತ್ರದಿಂದ ಕಣ್ಣು ಕೀಳದೆ. "ದೋಣಿ ಖಾಲಿ ಇದ್ರೆ ಇಷ್ಟೊಂದು ಯಾಕೆ ಮುಳುಗಿದೆ?"

ಅದೇ ತಪ್ಪು! ಹೊಟ್ಟೆ ಖಾಲಿಯಿರುವ ದೋಣಿ ನೀರಿನ ಮೇಲೆ ಎತ್ತರವಾಗಿ ತೇಲಬೇಕು. ಚಿತ್ರದಲ್ಲಿ ಅದು ಗೋಧಿ ತುಂಬಿದಂತೆ ಅಂಚಿನವರೆಗೂ ಇಳಿದಿತ್ತು. ಆದರೆ ಹಾರ್ಮೆನ್‌ನ ಕಣ್ಣು ಚಿತ್ರದಿಂದ ಅವಳ ಮುಖಕ್ಕೆ ಹೊರಳಿದ್ದು ಅದಕ್ಕಲ್ಲ. ಮಗಳು ಪ್ರಶ್ನೆ ಕೇಳಿದ್ದಳು.

"ಪುಟ ಮುಗಿಸು" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ.

"ಬಾ, ನೋಡೋಣ."

ಪಾತ್ರೆ ತೊಳೆಯುವ ತೊಟ್ಟಿಗೆ ನೀರು ತುಂಬಿದರು. ಬ್ರೆಡ್ಡಿನ ತಗಡಿನ ಡಬ್ಬಿಯನ್ನು ತೇಲಿಬಿಟ್ಟರು. ಫೆನ್ನಾ ಅದರೊಳಗೆ ಒಂದೊಂದೇ ಆಲೂಗಡ್ಡೆ ಹೇರಿದಳು. ಡಬ್ಬಿ ಇಳಿಯುತ್ತ ಹೋಯಿತು.

"ಇಳಿದ್ರೂ ಯಾಕೆ ಮುಳುಗಿ ಹೋಗಲ್ಲ? ಕಬ್ಬಿಣ ಅಲ್ವಾ? ನೀರು ಅದನ್ನ ಎತ್ತಿ ಹಿಡ್ಕೊಂಡಿರುತ್ತಾ? ನೀರಿಗೆ ಕೈ ನೋಯಲ್ವಾ?"

"ಅಯ್ಯೋ, ನನ್ನ ಅಡುಗೆ ಮನೆ!" ಎಂದು ಕೂಗಿಕೊಂಡು ಬಂದ ಅಲೈದಾ ಮಗಳ ಮಾತು ಕೇಳಿ ಅಲ್ಲೇ ನಿಂತುಬಿಟ್ಟಳು. ಮತ್ತೆ ತಾನೇ ಹೋಗಿ ಇನ್ನಷ್ಟು ಆಲೂಗಡ್ಡೆ ತಂದಳು.

ಹಾರ್ಮೆನ್ ವೀಟ್ಸ್ಕೆಯ ದೋಣಿಗೆ ಓಡಿದ. ಅವಸರದಲ್ಲಿ ಹಿಂಬದಿಯಿಂದಲೇ ದಾಟಿ, ಅವಳ ಕೋಣೆಯ ಕಿಟಕಿಗಳ ಎದುರೇ ಹಾದುಹೋದ. ದೋಣಿಯವರಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

"ಏನೋ ಇದು, ನಾಚಿಕೆಗೆಟ್ಟೋನೇ, ಕಾಲಲ್ಲಿ ಬೂಟೂ ಇಲ್ಲ!" ಎಂದು ಅವಳು ಒಳಗಿನಿಂದಲೇ ಕೂಗಿದಳು.

"ಬೈಯೋದು ಆಮೇಲೆ ಬೈಯಿ ಮಾರಾಯ್ತಿ. ನಾವು ತೇಲೋದು ಹೆಂಗೆ ಅಂತ ಹೇಳೋ ಪುಸ್ತಕ ಇದೆಯಾ? ನಗು ಬರೋ ಥರದ್ದು. ನಂಗೂ ಸರಿಯಾಗಿ ಗೊತ್ತಿಲ್ಲ."

"ಇದೆ. ಆದ್ರೆ ಒಂದು ಮಾತು. ಪುಟ ತಿರುಗಿಸೋದು ಅವಳ ಕೈ. ನೀನು ಪರೀಕ್ಷೆ ಮಾಡಬೇಡ. ಓದಿದ್ದನ್ನೇ ಮತ್ತೆ ಓದು ಅಂದ್ರೆ ಮತ್ತೆ ಓದು. ಪ್ರಶ್ನೆ ಬಂದ್ರೆ ಪುಸ್ತಕ ಪಕ್ಕಕ್ಕಿಡು, ಪ್ರಶ್ನೆ ಹಿಡ್ಕೋ."

ಬೇಸಿಗೆ ಕಳೆದು ಫೆನ್ನಾ ವಸತಿಶಾಲೆಗೆ ಹೋದಳು. ಮೊದಲ ದಿನವೇ ಅಲ್ಲಿನ ಗುರುಗಳಿಗೆ ಮೀನು ನಿದ್ದೆ ಮಾಡುವಾಗ ಕಣ್ಣು ಮುಚ್ಚುತ್ತದೆಯೇ ಎಂದು ಕೇಳಿದಳಂತೆ. ಗುರುಗಳಿಗೂ ತಿಳಿದಿರಲಿಲ್ಲ. ಇಬ್ಬರೂ ಕೂಡಿ ಪುಸ್ತಕ ಹುಡುಕಿದರಂತೆ.

ತಂದೆತಾಯಂದಿರೇ, ಮಕ್ಕಳ ಬಾಯಿ ಮುಚ್ಚಿಸಿ ಅದನ್ನು ವಿದ್ಯೆಯೆಂದು ಕರೆಯುವುದು ಅನ್ಯಾಯ. ನಿಮ್ಮೂರಿನ ಗ್ರಂಥಾಲಯಕ್ಕೆ ಈ ವಾರವೇ ಹೋಗಿ. ಮಗುವನ್ನೂ ಕರೆದೊಯ್ಯಿರಿ. ನಗಿಸುವ ಒಂದು ಚಿತ್ರಪುಸ್ತಕವನ್ನು ಅದೇ ಆರಿಸಿಕೊಳ್ಳಲಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಚಿತ್ರ ನೋಡಲು ಬರುತ್ತದೆಯಲ್ಲ? ಅಂದೇ ಊಟವಾದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಪುಟವನ್ನು ಅದರ ಕೈಯಿಂದಲೇ ತೆರೆಸಿ.