ಬಟ್ಟೆಯಿಲ್ಲದೆ ಓಡಿದ ಹೊಲಿಗೆ ಮೆಷಿನ್

ಸಿನಿಮಾ ನೋಡುವುದಕ್ಕೆ ನಮಗೆಲ್ಲ ಬಿಡುವಿದೆ, ನೋಡಿದ್ದರ ಬಗ್ಗೆ ಮಾತಾಡುವುದಕ್ಕೆ ಮಾತ್ರ ಪುರುಸೊತ್ತಿಲ್ಲ. ಕಷ್ಟದ ದೃಶ್ಯ ಬಂತೋ, ಒಬ್ಬರಿಗೆ ಬಾಯಾರುತ್ತದೆ, ಇನ್ನೊಬ್ಬರಿಗೆ ಯಾವುದೋ ಫೋನ್ ನೆನಪಾಗುತ್ತದೆ. ನಾನು ಆಸ್ಪತ್ರೆಯ ನರ್ಸು, ಬಾಯಿ ಸ್ವಲ್ಪ ಜೋರು. ಪಕ್ಕದ ಮನೆಯಲ್ಲಿ ನಡೆದದ್ದನ್ನು, ಆ ಮನೆಯವಳೇ ಹೇಳು ಅಂದಿದ್ದಕ್ಕೆ ಹೇಳುತ್ತಿದ್ದೇನೆ.

ಅವಳು ಬಟ್ಟೆ ಹೊಲಿಯುವವಳು, ಗಂಡ ಬಸ್ ಡ್ರೈವರ್. ಹತ್ತು ವರ್ಷದ ಮಗಳೊಬ್ಬಳು. ಹೆಂಡತಿಯ ಚಿಕ್ಕಪ್ಪ ಕಣ್ಣಿನ ಆಪರೇಷನ್‌ಗೆಂದು ಬಂದು ಒಂದು ತಿಂಗಳು ಇವರ ಮನೆಯಲ್ಲೇ ಇರುವುದೆಂದಾಗಿತ್ತು. ಮಗಳ ಕೋಣೆಯಲ್ಲೇ ಅವನಿಗೆ ಮಂಚ ಹಾಕುವುದೆಂದು ಗಂಡ ತೀರ್ಮಾನಿಸಿದ್ದ. ಹೆಂಡತಿ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಅವನು ಬರುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನನ್ನ ಯೂನಿಫಾರ್ಮಿನ ತೋಳು ಸಡಿಲ ಮಾಡಿಸಲು ಹೋಗಿದ್ದೆ. ಟಿವಿಯಲ್ಲಿ ಸಿನಿಮಾ ಬರುತ್ತಿತ್ತು. ಚಿಕ್ಕಂದಿನಲ್ಲಿ ಮನೆಯವನಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಹೆಣ್ಣೊಬ್ಬಳು ದೊಡ್ಡವಳಾಗಿ ಅವನನ್ನು ಕ್ಷಮಿಸುವ ಕಥೆ. ಗಂಡ ಮಗಳನ್ನು ಆಡಿಕೋ ಹೋಗು ಎಂದು ಹೊರಗೆ ಕಳಿಸಿದ. ಆ ದೃಶ್ಯಗಳು ಬಂದಾಗಲೆಲ್ಲ ಹೊಲಿಗೆ ಮೆಷಿನ್ ಕಟಕಟ ಓಡುತ್ತಿತ್ತು, ಟಿವಿಯ ಮಾತು ಒಂದೂ ಕೇಳಿಸುತ್ತಿರಲಿಲ್ಲ.

ಸಿನಿಮಾ ಮುಗಿಯಿತು. ಗಂಡನೂ ಕಣ್ಣೊರೆಸಿಕೊಂಡ. ಮನುಷ್ಯ ಒಳ್ಳೆಯವನೇ, ಆದರೆ ಬಾಯಿಬಿಟ್ಟು ಕೆಡಿಸಿದ.

"ನೋಡು, ಎಂಥ ದೊಡ್ಡ ಮನಸ್ಸು ಅವಳದು. ಅಷ್ಟು ಮಾಡಿದವನನ್ನೂ ಕ್ಷಮಿಸಿ ಮನೆಗೆ ಕರ್ಕೊಂಡ್ಲು. ನೀನು ಚಿಕ್ಕಪ್ಪ ಬರ್ತಾರೆ ಅಂದ್ರೆ ಸುಮ್‌ಸುಮ್ನೆ ಮುಖ ಊದಿಸ್ಕೋತೀಯ."

ಮೆಷಿನ್ ಮತ್ತೆ ಓಡಿತು. ತಿರುಗಿ ನೋಡಿದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಹಾಗೆ ಬರಿದೇ ತುಳಿದರೆ ಮೆಷಿನ್ ಹಾಳಾಗುತ್ತದೆಂದು ಮಗಳನ್ನು ಗದರುವವಳು ಇವಳೇ.

ಟಿವಿ ಆರಿಸಿ, ಈ ಸಿನಿಮಾದ ಬಗ್ಗೆ ಸ್ವಲ್ಪ ಮಾತಾಡೋಣ ಅಂದೆ. ಅಯ್ಯೋ ನರ್ಸಕ್ಕ, ಸಿನಿಮಾ ತಾನೇ, ಅದರಲ್ಲಿ ಮಾತಾಡುವುದೇನಿದೆ ಎಂದು ಅವನು ರಾಗ ಎಳೆದ. ನಾನು ಬಿಡಲಿಲ್ಲ. ಆ ಹುಡುಗಿ ಕ್ಷಮಿಸುವ ಮುಂಚೆ ಒಬ್ಬರಾದರೂ ಅವಳನ್ನು ನಂಬಿದರಲ್ಲ, ತಪ್ಪು ನಿನ್ನದಲ್ಲ ಅಂದರಲ್ಲ, ಅದನ್ನು ನೋಡಿದೆಯಾ ಎಂದು ಕೇಳಿದೆ. ಕ್ಷಮಿಸುವುದು ಬಿಡುವುದು ನೋವು ತಿಂದವರ ಇಷ್ಟ, ಬೇರೆಯವರು ಒತ್ತಾಯ ಮಾಡಿ ಕ್ಷಮಿಸುವ ಹಾಗೆ ಮಾಡಬಾರದು. ಕ್ಷಮಿಸಿದರೂ ಅಂಥವನ ಹತ್ತಿರ ಮಗುವನ್ನು ಬಿಡಬೇಕೆಂದಿಲ್ಲ. ಇಷ್ಟು ಹೇಳಿ, ಅವಳನ್ನು ಏನೂ ಕೇಳದೆ ಪಕ್ಕದಲ್ಲಿ ಕೂತೆ. ಸುಮ್ಮನಿರುವುದು ನನಗೆ ಎಷ್ಟು ಕಷ್ಟವೆಂದು ಬೀದಿಗೆಲ್ಲ ಗೊತ್ತು.

ಮೆಷಿನ್ ನಿಂತಿತು.

"ನಾನು ಆಗ ನಮ್ಮ ಮಗಳಷ್ಟೇ ಇದ್ದೆ," ಅಂದಳು. "ಚಿಕ್ಕಪ್ಪನೇ. ಅಮ್ಮಂಗೆ ಹೇಳಿದ್ರೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂದ್ಲು."

ಗಂಡ ಕೂಗಾಡುತ್ತಾನೆ ಎಂದುಕೊಂಡೆ. ಇಲ್ಲ, ಅವಳ ಕಾಲ ಹತ್ತಿರ ನೆಲದ ಮೇಲೆ ಕೂತ. "ನಾನು ನಂಬ್ತೀನಿ. ನಿಂದೇನೂ ತಪ್ಪಿಲ್ಲ ಕಣೇ," ಅಂದ. ಆ ಒಂದು ಮಾತಿಗೆ ಎಷ್ಟು ವರ್ಷ ಕಾದಿದ್ದಳೋ, ಬಿಕ್ಕಿಬಿಕ್ಕಿ ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

"ಮುಂದೆ ಒಂದಿನ ಕ್ಷಮಿಸ್ತೀನೇನೋ, ಗೊತ್ತಿಲ್ಲ," ಅಂದಳು ಮುಖ ಒರೆಸಿಕೊಂಡು. "ಆದ್ರೆ ನನ್ನ ಮಗಳ ಕೋಣೆ ಮಾತ್ರ ಕೊಡಲ್ಲ."

ಗಂಡ ಆಗಲೇ ಚಿಕ್ಕಪ್ಪನಿಗೆ ಫೋನ್ ಮಾಡಿ, ನಮ್ಮ ಮನೆಗೆ ಬರುವುದು ಬೇಡ, ಯಾಕೆಂದು ನಿಮಗೇ ಗೊತ್ತು ಎಂದ. ಮಕ್ಕಳಿರುವ ನೆಂಟರ ಮನೆಗಳಿಗೂ ಎಚ್ಚರಿಕೆ ಹೇಳಬೇಕೆಂದು ಅವಳೇ ಅಂದಳು. ನಮ್ಮ ಆಸ್ಪತ್ರೆಯ ಆಪ್ತಸಮಾಲೋಚಕಿಯ ಹತ್ತಿರ ನಾನು ಅವಳ ಜೊತೆಗೆ ಹೋಗುವುದೆಂದಾಯಿತು. ಸಂಜೆ ಗಂಡ ಹೆಂಡತಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಮುಟ್ಟಿದ್ದು ಇಷ್ಟವಾಗದಿದ್ದರೂ ನಮಗೆ ಹೇಳು, ನೆಂಟರಾದರೂ ಸರಿ, ನಾವು ನಂಬುತ್ತೇವೆ ಅಂದರು. ಆಮೇಲೆ ಮೆಷಿನ್ ಓಡಿತು, ಈ ಸಲ ನನ್ನ ಯೂನಿಫಾರ್ಮಿನ ಮೇಲೆ.

ನಿಮ್ಮ ಮನೆಯಲ್ಲೂ ಇಂಥ ಸಿನಿಮಾ ಬರುತ್ತದೆ. ನೋಡಲಾಗದೆ ಯಾರಾದರೂ ಎದ್ದು ಹೋದರೆ ತಡೆಯಬೇಡಿ, ತಮಾಷೆ ಮಾಡಬೇಡಿ. ಮುಗಿದ ಮೇಲೆ ಟಿವಿ ಆರಿಸಿ, ನಿನಗೇನನ್ನಿಸಿತು ಎಂದು ಕೇಳಿ, ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಕ್ಷಮಿಸು ಎಂದು ಉಪದೇಶ ಮಾಡಬೇಡಿ, ಮೊದಲು ನಂಬಿ. ಅದು ಬರೀ ಸಿನಿಮಾ ಎಂದು ನೀವು ಅಂದುಕೊಂಡಿರುತ್ತೀರಿ, ನಿಮ್ಮ ಪಕ್ಕದಲ್ಲೇ ಕೂತವರಿಗೆ ಅದು ತಮ್ಮದೇ ಕಥೆಯಾಗಿರಬಹುದು.