ಮಣಿಕಟ್ಟಿನ ಗಂಟಿನ ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ಹೆಂಡತಿಯದು, ಕತ್ತರಿ ನನ್ನದು. ಅದನ್ನು ಅವಳಿಗೂ ಮುಟ್ಟಗೊಟ್ಟವನಲ್ಲ ನಾನು. ಅಂಥ ನನ್ನ ಬಲಗೈ ಮಣಿಕಟ್ಟಿನ ಮೇಲೆ ಗಂಟೊಂದು ಎದ್ದಿತು. ಮೊದಲ ದಿನ ನಾನೇ ಟೇಪು ಹಿಡಿದೆ: ಒಂದು ಇಂಚು. ಆಮೇಲೆ ನೋಡುವ ಧೈರ್ಯ ಬರಲಿಲ್ಲ. ಹೆಂಡತಿ ವಾರವಾರ ಅಳೆದು ಚೀಟಿಯಲ್ಲಿ ಬರೆಯುವಾಗ ಮುಖ ತಿರುಗಿಸಿ ಕೂರುತ್ತಿದ್ದೆ. ಮೂರನೇ ವಾರ ಚೀಟಿ ನೋಡಿದರೆ ಒಂದೂವರೆ! ಕೈಯೇ ಹೋದರೆ ದರ್ಜಿಗೆ ಇನ್ನೇನಿದೆ? ಅಂದೇ ಇಬ್ಬರೂ ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಗಂಟನ್ನು ಒತ್ತಿದರು, ಆಚೀಚೆ ಜರುಗಿಸಿದರು, ಕೈ ಬಗ್ಗಿಸಿ ನೋಡಿದರು.

"ನೋವಿದೆಯಾ? ಬೆರಳು ಜೋಮು ಹಿಡಿಯುತ್ತಾ?"

"ಜೀವಾನೇ ಜೋಮು ಹಿಡಿದಿದೆ, ಬೇಗ ಹೇಳಿ," ಎಂದೆ.

"ಸ್ವಲ್ಪ ಸುಮ್ನಿರ್ರೀ," ಹೆಂಡತಿ ತಿವಿದಳು.

ಡಾಕ್ಟರಮ್ಮ ಪರದೆ ಎಳೆದು ಗಂಟಿಗೆ ಟಾರ್ಚು ಒತ್ತಿ ಹಿಡಿದರು. ಗಂಟು ಕೆಂಪಗೆ ಬೆಳಗಿತು.

"ನೋಡಿ, ಬೆಳಕು ದಾಟ್ತಿದೆ. ಒಳಗಿರೋದು ಲೋಳೆಯಂಥ ನೀರು. ಗ್ಯಾಂಗ್ಲಿಯಾನ್ ಅಂತಾರೆ. ಕೆಟ್ಟದ್ದಲ್ಲ."

"ಹಾಗಾದ್ರೆ ಮೂರು ವಾರಕ್ಕೆ ಅರ್ಧ ಇಂಚು ಬೆಳೆದಿದ್ದು ಹೇಗೆ?" ಎಂದು ಚೀಟಿ ಚಾಚಿದೆ.

ಅವರ ಮುಖ ಗಂಭೀರವಾಯಿತು. ಸ್ಕೇಲು ತಂದು ಎರಡು ಸಲ ಅಳೆದರು. "ಒಂದೇ ಇಂಚಿದೆಯಲ್ಲ. ಇದನ್ನ ಬರೆದವರ್ಯಾರು?"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಅಯ್ಯಯ್ಯೋ! ಬಟ್ಟೆ ಬಿಗಿಯಾಗ್ಬಾರ್ದು ಅಂತ ಅಂಗಡೀಲಿ ಯಾವ ಅಳತೆಗೂ ಅರ್ಧ ಇಂಚು ಲೂಸ್ ಸೇರಿಸಿ ಬರೀತೀನಿ ಡಾಕ್ಟ್ರೇ. ಕೈ ತಾನಾಗೇ ಸೇರಿಸಿಬಿಟ್ಟಿದೆ."

"ಗಂಟಿಗೆ ಅಂಗಿ ಹೊಲಿಸೋಕೆ ಹೊರಟಿದ್ಯೇನೇ?" ಎಂದು ಕೂಗಿದೆ.

ಡಾಕ್ಟರಮ್ಮ ನಗು ತಡೆಯಲಾರದೆ ಕುರ್ಚಿ ಹಿಡಿದರು. "ತೊಂದರೆ ಕೊಡದಿದ್ರೆ ಹಾಗೇ ಬಿಡಿ. ಗುದ್ದಿ ಒಡೆಯೋಕೆ ಮಾತ್ರ ಹೋಗ್ಬೇಡಿ," ಎಂದರು.

ಹೊರಗೆ ಬಂದದ್ದೇ ಹೆಂಡತಿ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

"ನೀವು ಊಟಕ್ಕೆ ಹೋದಾಗೆಲ್ಲ ಕತ್ತರಿ ಹಿಡಿದು ಕಲಿತೆ ಕಣ್ರೀ. ಮೊನ್ನೆ ನೀವು ಹೊಲಿದ ನಾಲ್ಕು ಅಂಗಿ ನಾನೇ ಕತ್ತರಿಸಿದ್ದು. ನಿಮ್ಮ ಕೈ ಹೋದ್ರೂ ಅಂಗಡಿ ಮುಚ್ಚಬಾರ್ದು ಅಂತ."

ಅಲ್ಲಾ, ಆ ನಾಲ್ಕು ಅಂಗಿಯ ಕಟಿಂಗ್ ನೋಡಿ, ನಾನೇ ಕತ್ತರಿಸಿಟ್ಟು ಮರೆತಿದ್ದೇನೆ ಅಂದುಕೊಂಡು, ಇಷ್ಟು ಭಯದಲ್ಲೂ ನನ್ನ ಕೈ ಪಳಗಿದ್ದೇ ಎಂದು ಬೀಗಿದ್ದೆನಲ್ಲ! ಮೊದಲು ಮೂಗಿನ ತುದಿಗೆ ಸಿಟ್ಟು ಬಂತು. ಆಮೇಲೆ ಅವಳ ಪಕ್ಕ ಕೂತೆ. ಇವಳು ಒಬ್ಬಳೇ ಎಷ್ಟು ಹೆದರಿದ್ದಳೋ.

"ಆಯ್ತು ಬಿಡು. ಇನ್ನು ನೀನು ಕತ್ತರಿ ಮುಟ್ಟೋದು ಬೇಡ," ಎಂದೆ, ಆದಷ್ಟು ಮೆತ್ತಗೆ.

ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಕೈ ಉಳೀತು ಅಂತ ನಾನ್ಯಾಕೆ ಕೈ ಕಟ್ಟಿ ಕೂರ್ಬೇಕು?"

ಮನೆಗೆ ಹೋಗುವ ದಾರಿಯಲ್ಲೇ ಇನ್ನೊಂದು ಕತ್ತರಿ ಕೊಂಡೆವು. ಅವಳು ಆರಿಸಿದ್ದು ನನ್ನದಕ್ಕಿಂತ ದೊಡ್ಡದು.