ಮೋಟಾರು ಕೂರುವ ಹಲಗೆ

ಭದ್ರಾ ಹಿನ್ನೀರಿನಲ್ಲಿ ಮೋಟಾರು ಕಳಚಿ ಹಾಲೇಶ್ ನೀರಿಗೆ ಬಿದ್ದ ದಿನದಿಂದ ಮಾರಪ್ಪ ದೋಣಿ ಹತ್ತಿರಲಿಲ್ಲ. ಅಣೆಕಟ್ಟಿನ ಬಳಿಯ ಬಿಆರ್‌ಪಿಯಿಂದ ಅದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದು, ಭದ್ರಾವತಿಯ ಜನ್ನಾಪುರದ ತನ್ನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಎರಡು ದಿಮ್ಮಿಗಳ ಮೇಲೆ ಇಳಿಸಿಬಿಟ್ಟಿದ್ದ. ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ಹಿತ್ತಲಿಗೆ ಹಾಕಿದ್ದ.

ಹಿನ್ನೀರಿನಲ್ಲಿ ಮೀನು ಹಿಡಿಯುವವರೆಲ್ಲ ತೆಪ್ಪದಲ್ಲಿ ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಮಾರಪ್ಪ ಕೊಂಡಿದ್ದ ಅಲ್ಯೂಮಿನಿಯಂ ದೋಣಿ ಅದು. ಪ್ರವಾಸಿಗರನ್ನು ಸುತ್ತಿಸಲು ಯಾರೋ ಇಟ್ಟುಕೊಂಡು, ಸಾಕಾಗಿ ಮಾರಿದ್ದು. ದೋಣಿಯ ಹಿಂಬದಿಯಲ್ಲಿ ಒಂದು ದಪ್ಪ ಹಲಗೆಯಿತ್ತು. ಹೊರಗಡೆಯಿಂದ ಅಲ್ಯೂಮಿನಿಯಂ ತಗಡು, ಒಳಗೆ ಮರ. ಮೋಟಾರು ಕೂರುವುದು ಅದರ ಮೇಲೆ. ಎರಡು ದೊಡ್ಡ ತಿರುಪುಗಳನ್ನು ಕೈಯಲ್ಲಿ ತಿರುಗಿಸಿ ಮೋಟಾರನ್ನು ಹಲಗೆಗೆ ಕಚ್ಚಿಸಬೇಕು. ಪ್ರತಿ ಸಲ ನೀರಿಗಿಳಿಯುವ ಮುಂಚೆ ಮಾರಪ್ಪ ಅವನ್ನು ಬಿಗಿ ಮಾಡುತ್ತಿದ್ದ.

ಆ ದಿನ ಗಾಳಿ ಎದ್ದಿತ್ತು. ಬೇಗ ದಡ ಸೇರಬೇಕೆಂದು ಮೋಟಾರಿನ ವೇಗ ಹೆಚ್ಚಿಸಿದ್ದೇ ಅದು ಜಗ್ಗಿ, ವಾಲಿ, ಹಲಗೆಯಿಂದ ಕಿತ್ತುಕೊಂಡು ಬಂದು, ಕಟ್ಟಿದ್ದ ಹಗ್ಗಕ್ಕೆ ಜೋತುಬಿತ್ತು. ದೋಣಿ ಪಕ್ಕಕ್ಕೆ ಎಗರಿತು. ನಿಂತು ಬಲೆ ಮಡಚುತ್ತಿದ್ದ ಹಾಲೇಶ್, ಅಂದರೆ ಮಾರಪ್ಪನ ಹೆಂಡತಿ ದುರ್ಗಮ್ಮನ ತಮ್ಮ, ನೀರಿಗೆ ಬಿದ್ದ. ಇನ್ನೂ ತಿರುಗುತ್ತಿದ್ದ ಮೋಟಾರಿನ ರೆಕ್ಕೆ ಅವನ ತೋಳನ್ನು ಸೀಳಿತು. ಮಾರಪ್ಪ ಅವನ ಅಂಗಿ ಹಿಡಿದು ಮೇಲಕ್ಕೆಳೆದುಕೊಂಡ. ತೋಳಿಗೆ ಹೊಲಿಗೆ ಬಿತ್ತು, ಜೀವ ಉಳಿಯಿತು. ಆದರೆ ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ಹಾಲೇಶ್ ಒಂದೇ ಮಾತು ಹೇಳಿದ: "ಭಾವ ಸ್ಕ್ರೂ ಬಿಗಿ ಮಾಡಿರ್ಲಿಲ್ಲ. ವಯಸ್ಸಾಯ್ತು, ಮರೆವು ಬಂದಿದೆ. ಇನ್ನು ಅವರ ಜೊತೆ ನಾನು ನೀರಿಗೆ ಇಳಿಯಲ್ಲ."

ಮಾರಪ್ಪ ಎದುರು ಮಾತಾಡಲಿಲ್ಲ. ಬಿಗಿ ಮಾಡಿದ ನೆನಪು ಅವನಿಗಿತ್ತು. ಆದರೆ ದಿನವೂ ಮಾಡುವ ಕೆಲಸದಲ್ಲಿ ಯಾವ ನೆನಪು ಯಾವ ದಿನದ್ದೆಂದು ಹೇಳುವುದು ಹೇಗೆ? ನಿಧಾನಕ್ಕೆ ಅವನಿಗೇ ತನ್ನ ಮೇಲಿನ ನಂಬಿಕೆ ಹೋಯಿತು. ಬಾಗಿಲ ಚಿಲಕ ಹಾಕಿ ಮಲಗಿದವನು ಎದ್ದು ಬಂದು ಮತ್ತೆ ಮುಟ್ಟಿ ನೋಡುತ್ತಿದ್ದ. ಸ್ಟವ್ ಆರಿಸಿದೆಯಾ ಎಂದು ದುರ್ಗಮ್ಮನನ್ನು ಕೇಳುತ್ತಿದ್ದ. ಅವಳು ಹೂಂ ಎಂದರೂ ಅಡುಗೆಮನೆಗೆ ಹೋಗಿ ಬರುತ್ತಿದ್ದ. ಮೊದಲು ಗಂಡ ಹಿಡಿದ ಮೀನನ್ನು ಮಾರುತ್ತಿದ್ದ ದುರ್ಗಮ್ಮ ಈಗ ಬೇರೆಯವರ ಹತ್ತಿರ ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಳು. ಮಾರಪ್ಪ ಜಗುಲಿಯ ಮೇಲೆ, ದೋಣಿಗೆ ಬೆನ್ನು ಹಾಕಿ ಕೂತಿರುತ್ತಿದ್ದ. ಕೊನೆಗೆ ಶಿವಮೊಗ್ಗದ ಗುಜರಿ ವ್ಯಾಪಾರಿ ಸುಬ್ಬಪ್ಪನಿಗೆ, ದೋಣಿಯನ್ನು ತೂಕಕ್ಕೆ ತೆಗೆದುಕೊಂಡು ಹೋಗುವಂತೆ ಹೇಳಿ ಕಳಿಸಿದ.

ಏಪ್ರಿಲ್‌ನ ಬಿಸಿಲು. ದೋಣಿಯ ಅಂಚಿನ ಮೇಲೆ ಬಟ್ಟೆ ಒಣಹಾಕಲು ಹೋದ ದುರ್ಗಮ್ಮನಿಗೆ ಅದರ ಹಿಂಭಾಗದ ಕೆಳಗೆ ನೆಲ ಒದ್ದೆಯಾಗಿರುವುದು ಕಂಡಿತು. ಬಗ್ಗಿ ನೋಡಿದಳು. ತಗಡಿನ ಸಂದಿಯಿಂದ ಟೀ ಡಿಕಾಕ್ಷನ್ನಿನಂಥ ಕಂದು ನೀರು ತೊಟ್ಟಿಕ್ಕುತ್ತಿತ್ತು. ಮಳೆ ಬಂದಿಲ್ಲ, ದೋಣಿ ನೀರು ಕಂಡು ತಿಂಗಳುಗಳಾಗಿವೆ. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಗೊಬ್ಬರದ ಗುಂಡಿಯಲ್ಲಿ ಕೊಳೆತ ಎಲೆಯ ವಾಸನೆ.

ಗಂಡನಿಗೆ ಹೇಳಲಿಲ್ಲ. ಎರಡು ಬೀದಿ ಆಚೆ ಧರ್ಮಪ್ಪನ ಮನೆಗೆ ಹೋದಳು. ಧರ್ಮಪ್ಪ ಊರಿನ ಉಕ್ಕಿನ ಕಾರ್ಖಾನೆಯ ಪ್ಯಾಟರ್ನ್ ಶಾಪ್‌ನಲ್ಲಿ, ಎರಕ ಹೊಯ್ಯಲು ಬೇಕಾದ ಮರದ ಅಚ್ಚುಗಳನ್ನು ಮಾಡಿಕೊಂಡಿದ್ದು ನಿವೃತ್ತನಾದವನು. ಅವನ ಹೆಂಡತಿ ವಿಮಲಮ್ಮ ದುರ್ಗಮ್ಮನ ಹತ್ತಿರ ವಾರವಾರವೂ ಮೀನು ಕೊಳ್ಳುತ್ತಿದ್ದಳು.

"ಧರ್ಮಣ್ಣ, ಒಂದ್ಸಲ ಬಂದು ನಮ್ಮ ದೋಣಿ ನೋಡ್ಬೇಕಿತ್ತು."

"ನಾನು ದೋಣಿ ಹತ್ತಿದವನೇ ಅಲ್ಲ ಮಾರಾಯ್ತಿ. ಅದರದ್ದು ನಂಗೇನು ಗೊತ್ತು?"

"ಅದರೊಳಗೆ ಮರ ಇದೆ. ಮರ ಅಳ್ತಾ ಇದೆ."

ಧರ್ಮಪ್ಪ ಸಲಕರಣೆಯ ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿಕೊಂಡ.

ಬಂದವನು ಮೊದಲು ಮಾಡಿದ್ದು ಉಳಿಯ ಹಿಡಿಯಿಂದ ಹಿಂದಿನ ಹಲಗೆಯನ್ನು ಉದ್ದಕ್ಕೂ ತಟ್ಟಿದ್ದು. ಎರಡೂ ತುದಿಯಲ್ಲಿ ಗಟ್ಟಿ ಸದ್ದು ಬಂತು. ನಡುವೆ, ಮೋಟಾರು ಕೂರುವಲ್ಲಿ, ಒದ್ದೆ ಮಣ್ಣಿಗೆ ಬಡಿದಂತೆ ದಬ್ ದಬ್ ಎಂದಿತು. ಹಲಗೆಯ ತಲೆಗೆ ಹಾಕಿದ್ದ ತಗಡಿನ ಪಟ್ಟಿ ಒಂದು ಕಡೆ ಎದ್ದಿತ್ತು. ಅಲ್ಲಿಂದ ಸ್ಕ್ರೂಡ್ರೈವರ್ ಒತ್ತಿದ. ಹಣ್ಣಾದ ಬಾಳೆಹಣ್ಣಿಗೆ ಇಳಿದ ಹಾಗೆ ಇಳಿಯಿತು. ಆಮೇಲೆ ಕೈ ಡ್ರಿಲ್ಲಿನಿಂದ ಒಳಬದಿಯಲ್ಲಿ ಸಣ್ಣ ತೂತು ಕೊರೆದ. ಬಂದ ಹೊಟ್ಟನ್ನು ಅಂಗೈಯಲ್ಲಿ ಹಿಂಡಿದರೆ ನೀರು ಸೋರಿತು.

"ಮಾರಪ್ಪ, ಇಲ್ಲಿ ಬಾರೋ," ಎಂದು ಕೂಗಿದ. "ನಿನ್ನ ದೋಣಿಗೆ ಹಿಂದೆ ಮರಾನೇ ಇಲ್ಲ. ಬರೀ ಕೊಳೆ."

ಮಾರಪ್ಪ ಜಗುಲಿಯಿಂದಲೇ ಹೇಳಿದ, "ಕೊಳೆತಿದ್ರೆ ಕೊಳೀಲಿ ಬಿಡಣ್ಣ. ನಾಳೆ ಸುಬ್ಬಪ್ಪ ಬಂದು ತಗೊಂಡು ಹೋಗ್ತಾನೆ."

"ತಗೊಂಡು ಹೋಗೋದು ಹೇಗೂ ಇದೆ. ಬಿಚ್ಚಿ ನೋಡ್ಲಾ?"

"ನೋಡಿ," ಎಂದಳು ದುರ್ಗಮ್ಮ.

ಮರುದಿನ ಬೆಳಿಗ್ಗೆ ಧರ್ಮಪ್ಪ ರಿವೆಟ್ಟುಗಳ ತಲೆಯನ್ನು ಒಂದೊಂದಾಗಿ ಕೊರೆದು ತೆಗೆದ, ಮೇಲಿನ ಪಟ್ಟಿಯನ್ನು ಎಬ್ಬಿಸಿದ. ಒಳಗಿನ ಪ್ಲೈವುಡ್ ಹಲಗೆ ಇಡಿಯಾಗಿ ಬರಲಿಲ್ಲ. ಪದರ ಪದರವಾಗಿ, ಹಿಡಿ ಹಿಡಿಯಾಗಿ ಬಂತು. ದುರ್ಗಮ್ಮ ಅದನ್ನು ಬುಟ್ಟಿಗೆ ತುಂಬಿ ಆಚೆ ಹಾಕಿದಳು. ಹೊರಗಿನ ತಗಡಿನಲ್ಲಿ ಕೆಳಗಡೆ ನಾಲ್ಕು ಹಳೆಯ ತೂತುಗಳಿದ್ದವು. ಹಿಂದಿನ ಮಾಲೀಕರು ಪ್ರವಾಸಿಗರು ಹತ್ತಲು ಏಣಿ ಕೂರಿಸಿ, ಆಮೇಲೆ ತೆಗೆದು, ತೂತುಗಳಿಗೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ನೀರು ವರ್ಷಗಟ್ಟಲೆ ಅಲ್ಲಿಂದಲೇ ಒಳಗೆ ಹೋಗಿತ್ತು.

ಮೇಲ್ತುದಿಯ ಒಂದು ತುಂಡು ಮಾತ್ರ ಹೇಗೋ ಉಳಿದಿತ್ತು. ಧರ್ಮಪ್ಪ ಅದನ್ನು ಕೈಗೆತ್ತಿಕೊಂಡು ಮಣ್ಣು ಒರೆಸಿದ. ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಜಗುಲಿಗೆ ಹೋಗಿ ಮಾರಪ್ಪನ ತೊಡೆಯ ಮೇಲೆ ಇಟ್ಟ.

ಅದರಲ್ಲಿ ಎರಡು ಗುಂಡನೆಯ ಗುಳಿಗಳಿದ್ದವು. ಮೋಟಾರಿನ ಎರಡು ತಿರುಪುಗಳು ಕೂರುತ್ತಿದ್ದ ಜಾಗ. ಹೆಬ್ಬೆರಳು ಅರ್ಧ ಮುಳುಗುವಷ್ಟು ಆಳ. ಗುಳಿಯ ತಳದಲ್ಲಿ ಮರ ಒತ್ತಿ ಒತ್ತಿ ಕಪ್ಪಗೆ ಗಟ್ಟಿಯಾಗಿತ್ತು.

"ಬಿಗಿ ಮಾಡದೇ ಇದ್ದವನ ತಿರುಪು ಇಷ್ಟು ಒಳಗೆ ಹೋಗುತ್ತಾ?" ಎಂದ ಧರ್ಮಪ್ಪ. "ನೀನು ಬಿಗಿ ಮಾಡ್ದಷ್ಟೂ ಇದು ಒಳಗೆ ಹೋಗಿದೆ. ಇದು ಒಳಗೆ ಹೋದಷ್ಟೂ ಹಿಡಿತ ಸಡ್ಲ ಆಗಿದೆ."

ಮಾರಪ್ಪ ಗುಳಿಯಲ್ಲಿ ಹೆಬ್ಬೆರಳಿಟ್ಟ. "ಹಂಗಾದ್ರೆ ಅವತ್ತೂ ಬಿಗಿ ಮಾಡಿದ್ದೆ ಅಂತೀಯಾ ಅಣ್ಣ?"

"ಅವತ್ತಿನದು ನಾನು ಹೆಂಗೆ ಹೇಳ್ಲಿ? ನಾನಿರ್ಲಿಲ್ಲ. ಆದ್ರೆ ಅವತ್ತು ಯಾರು ಎಷ್ಟು ಬಿಗಿ ಮಾಡಿದ್ರೂ ಮೋಟಾರು ನಿಲ್ತಿರ್ಲಿಲ್ಲ. ಇದು ಮಾತ್ರ ನಾನು ಹೇಳ್ತೀನಿ."

ಮಾರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ದುರ್ಗಮ್ಮ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯತೊಡಗಿದಳು.

ಮಧ್ಯಾಹ್ನ ಸುಬ್ಬಪ್ಪ ಟೆಂಪೋ ತಂದ. ಬಿಚ್ಚಿ ಹಾಕಿದ ದೋಣಿ ನೋಡಿ, "ಒಳ್ಳೇದೇ ಆಯ್ತು, ನಮಗೆ ಕತ್ತರಿಸೋ ಕೆಲಸ ಕಮ್ಮಿ," ಎಂದು ನಕ್ಕ.

ಮಾರಪ್ಪ ಎದ್ದು ನಿಂತ. "ಕೊಡಲ್ಲ ಸುಬ್ಬಪ್ಪ. ಸುಮ್ನೆ ಓಡಾಡಿಸಿದೆ, ಬೇಜಾರು ಮಾಡ್ಕೋಬೇಡ. ಟೀ ಕುಡಿದು ಹೋಗು."

ಟೆಂಪೋ ಶಿವಮೊಗ್ಗಕ್ಕೆ ಖಾಲಿ ಹೋಗುವುದು ಯಾಕೆ ಎಂದು ಮಾರಪ್ಪ, ಧರ್ಮಪ್ಪ ಇಬ್ಬರೂ ಅದರಲ್ಲೇ ಹತ್ತಿಕೊಂಡರು. ಅಲ್ಲಿಯ ದುರ್ಗಿಗುಡಿಯ ಪ್ಲೈವುಡ್ ಅಂಗಡಿಯಲ್ಲಿ ನೀರಿನಲ್ಲೂ ಪದರ ಬಿಡದ ಪ್ಲೈವುಡ್ ಸಿಕ್ಕಿತು. ಕಬ್ಬಿಣದ ಬೋಲ್ಟು ಅಲ್ಯೂಮಿನಿಯಂ ಜೊತೆ ಸೇರಿದರೆ ಎರಡೂ ಹಾಳಾಗುತ್ತವೆಂದು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹುಡುಕಿ, ನಾಲ್ಕಾರು ಅಂಗಡಿ ಅಲೆದರು. ಎರಡು ಡಬ್ಬಿಯಲ್ಲಿದ್ದದ್ದನ್ನು ಒಟ್ಟಿಗೆ ಕಲಸಿ ಹಚ್ಚುವ ಅಂಟು, ತೂತು ಮುಚ್ಚುವ ರಬ್ಬರಿನಂಥ ಪೇಸ್ಟು, ರಿವೆಟ್ಟು ಎಲ್ಲ ಕೊಂಡು ಕಡೇ ಬಸ್ಸು ಹಿಡಿದು ಭದ್ರಾವತಿಗೆ ಬಂದರು.

ಧರ್ಮಪ್ಪ ಮೊದಲು ರಟ್ಟಿನಲ್ಲಿ ಅಳತೆ ತೆಗೆದ. ಹಳೆ ಹಲಗೆ ಪುಡಿಯಾಗಿದ್ದರಿಂದ ದೋಣಿಯ ಒಳಗೇ ರಟ್ಟನ್ನು ಇಳಿಸಿ, ಕತ್ತರಿಸಿ, ಮತ್ತೆ ಇಳಿಸಿ ನೋಡಬೇಕಾಯಿತು. ಎರಡು ಹಾಳೆ ಪ್ಲೈವುಡ್ ಅಂಟಿಸಿ ಒಂದು ದಪ್ಪ ಹಲಗೆ ಮಾಡುವುದೆಂದು ಲೆಕ್ಕ. ಅವನೂ ತಪ್ಪಿದ್ದು ಅಲ್ಲೇ. ಉರಿಬಿಸಿಲಲ್ಲಿ ಡಬ್ಬಿ ತುಂಬ ಅಂಟು ಕಲಸಿಟ್ಟು ಬೀಡಿ ಹಚ್ಚುವಷ್ಟರಲ್ಲಿ ಡಬ್ಬಿ ಕಾದು ಹೊಗೆಯಾಡತೊಡಗಿತು. ಅಂಟು ಕಲ್ಲಿನಂತಾಗಿ ಕೋಲು ಅದರಲ್ಲೇ ಸಿಕ್ಕಿಕೊಂಡಿತು.

"ಅಯ್ಯೋ ಮಾರಾಯ, ಇದೇನು ಪಟಾಕಿನಾ!" ಎಂದು ಧರ್ಮಪ್ಪ ಡಬ್ಬಿಯನ್ನು ಚರಂಡಿ ಕಡೆ ಎಸೆದ. ಎಷ್ಟೋ ತಿಂಗಳ ಮೇಲೆ ಮಾರಪ್ಪ ಗಟ್ಟಿಯಾಗಿ ನಕ್ಕಿದ್ದನ್ನು ದುರ್ಗಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡಳು. ಉಳಿದ ಅಂಟನ್ನು ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕೆಂದು ತೀರ್ಮಾನವಾಯಿತು.

ಅವತ್ತು ಸಂಜೆ ಅವಳು ಆ ಗುಳಿಬಿದ್ದ ಮರದ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹಳೇನಗರದ ತಮ್ಮನ ಮನೆಗೆ ಹೋದಳು.

"ಬೆರಳು ಹಾಕಿ ನೋಡು," ಎಂದಳು.

ಹಾಲೇಶ್ ಹಾಕಿದ. ಅಕ್ಕ ಎಲ್ಲ ವಿವರಿಸಿದಳು. ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಅವಳು ಊಟಕ್ಕೂ ನಿಲ್ಲದೆ ಬಂದುಬಿಟ್ಟಳು.

ಬೆಳಿಗ್ಗೆ ಅಂಟು ಹಚ್ಚಿ ಎರಡು ಹಾಳೆಗಳನ್ನು ಒತ್ತುತ್ತಿರುವಾಗ ಹಾಲೇಶ್ ಸೈಕಲ್ ಒರಗಿಸಿ ದೂರದಲ್ಲೇ ನಿಂತ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಮಾರಪ್ಪ ತಲೆಯೆತ್ತಿ ನೋಡಿದ.

"ಆ ಕಡೆ ಹಿಡ್ಕೋ," ಎಂದ.

ಹಾಲೇಶ್ ಓಡಿ ಬಂದು ಹಿಡಿದುಕೊಂಡ. ಧರ್ಮಪ್ಪ ಹಾಳೆಗಳನ್ನು ಕಚ್ಚಿ ಹಿಡಿಯುವ ಶಿಕಂಜಿಗಳನ್ನು ಬಿಗಿ ಮಾಡುವವರೆಗೂ ಇಬ್ಬರೂ ಎದುರುಬದುರು ನಿಂತಿದ್ದರು.

"ಭಾವ, ಊರೆಲ್ಲ ಹೇಳ್ಕೊಂಡು ಬಂದೆ ನಾನು."

"ನಾನೂ ನಂಬಿದ್ನಲ್ಲೋ," ಎಂದ ಮಾರಪ್ಪ. "ತೋಳು ಹೆಂಗಿದೆ?"

"ಚಳಿಗೆ ಎಳೆಯುತ್ತೆ. ಕೆಲಸಕ್ಕೆ ಏನೂ ತೊಂದ್ರೆ ಇಲ್ಲ."

ಆಮೇಲಿನ ಕೆಲಸ ಬೇಗ ಬೇಗ ಸಾಗಿತು. ಹಲಗೆ ಕೊಯ್ದು, ಅದರ ಅಂಚುಗಳಿಗೂ ಕೊರೆದ ತೂತುಗಳ ಒಳಗೂ ಅದೇ ಅಂಟನ್ನು ಬಳಿದು ಒಣಗಿಸಿದರು. ನೀರು ನುಗ್ಗುವುದು ಅಂಚಿನಿಂದ ಎಂದು ಧರ್ಮಪ್ಪ ಅದನ್ನು ಮೂರು ಸಲ ಮಾಡಿಸಿದ. ಏಣಿಯ ಹಳೆ ತೂತುಗಳಿಗೆ ಅಲ್ಯೂಮಿನಿಯಂ ತುಂಡು ಇಟ್ಟು ರಿವೆಟ್ಟು ಹೊಡೆದರು. ಹಲಗೆ ತನ್ನ ಜಾಗಕ್ಕೆ ಇಳಿಯುವಾಗ ಒಂದು ಮೂಲೆಯಲ್ಲಿ ಹಟ ಮಾಡಿತು. ಧರ್ಮಪ್ಪ ಉಳಿಯಿಂದ ಕೂದಲೆಳೆಯಷ್ಟು ಹೆರೆದ, ಬೋಳಾದ ಜಾಗಕ್ಕೆ ಮತ್ತೆ ಅಂಟು ಬಳಿದ. ಆಮೇಲೆ ಅದು ಸರಾಗವಾಗಿ ಕೂತಿತು. ಬೋಲ್ಟುಗಳ ಸುತ್ತ ಪೇಸ್ಟು ತುಂಬಿ, ಮೇಲಿನ ಪಟ್ಟಿ ಮುಚ್ಚಿದರು.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಮತ್ತೆ ಟೆಂಪೋ ಮಾಡಿ ದೋಣಿಯನ್ನು ಬಿಆರ್‌ಪಿಗೆ ಒಯ್ದರು. ಧರ್ಮಪ್ಪ ದಡದಲ್ಲಿ ನಿಂತು ನೋಡುತ್ತೇನೆ ಎಂದು ಬಂದವನು. "ನೀವು ಕೂರದೇ ಇದ್ರೆ ಇವ್ರಿಗೆ ಧೈರ್ಯ ಬರಲ್ಲ," ಎಂದು ದುರ್ಗಮ್ಮ ಅವನನ್ನು ದೋಣಿಗೆ ಹತ್ತಿಸಿದಳು. ಅವನು ಎರಡೂ ಅಂಚುಗಳನ್ನು ಬಿಗಿಯಾಗಿ ಹಿಡಿದು ನಡುವೆ ಕುಕ್ಕರಿಸಿದ.

ಮಾರಪ್ಪ ಮೋಟಾರು ಕೂರಿಸಿದ. ಎರಡೂ ತಿರುಪುಗಳನ್ನು ಬಿಗಿ ಮಾಡಿದ. ಕೈ ಅಲ್ಲೇ ಒಂದು ಕ್ಷಣ ನಿಂತಿತು. ಮತ್ತೆ ಮುಟ್ಟಿ ನೋಡುವ ಚಟ. ಹಾಲೇಶ್ ಅದನ್ನು ಗಮನಿಸಿದ, ಹೋಗಿ ಹಲಗೆಯ ಹತ್ತಿರವೇ ಕೂತ. ಹಗ್ಗ ಎಳೆದಾಗ ಮೋಟಾರು ಕೆಮ್ಮಿ, ಕೆಮ್ಮಿ, ಹೊತ್ತಿಕೊಂಡಿತು. ದಡ ಹಿಂದಾಯಿತು. ಹಾಲೇಶ್ ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದಿದ್ದ.

"ಅಲ್ಲಾಡ್ತಾ ಇಲ್ಲ ಭಾವ. ಬಿಡಿ ಜೋರಾಗಿ."

ಮಾರಪ್ಪ ವೇಗ ಹೆಚ್ಚಿಸಿದ. ದೋಣಿಯ ಮೂತಿ ಮೇಲೆದ್ದಿತು, ನೀರು ಎರಡೂ ಕಡೆ ಸೀಳಿಕೊಂಡು ಹೋಯಿತು. ಮೋಟಾರು ಕೂತಲ್ಲೇ ಕೂತಿತ್ತು. ಕಾಲಡಿಯಲ್ಲಿ ನೀರಿನ ಒಂದು ತೊಟ್ಟೂ ಇರಲಿಲ್ಲ. ಮಾರಪ್ಪ ಈಗ ಹಿಂದೆ ನೋಡುವುದನ್ನು ಬಿಟ್ಟು, ಮುಂದೆ ಬಲೆ ಬಿಡಬೇಕಾದ ಜಾಗವನ್ನು ಹುಡುಕತೊಡಗಿದ.

"ಸಾಕಣ್ಣ, ವಾಪಸ್ ಬಿಡ್ತೀನಿ ನಿನ್ನ," ಎಂದು ಧರ್ಮಪ್ಪನಿಗೆ ಹೇಳಿದ.

ಧರ್ಮಪ್ಪ ಅಂಚಿನಿಂದ ಒಂದು ಕೈ ಮೆಲ್ಲಗೆ ಬಿಟ್ಟ. ಗಾಳಿಗೆ ಹಾರುತ್ತಿದ್ದ ಟವೆಲ್ಲನ್ನು ತಲೆಗೆ ಸುತ್ತಿಕೊಂಡ.

"ಏನವಸರ ಮಾರಾಯ? ಆ ನಡುಗಡ್ಡೆಯವರೆಗೂ ಹೋಗಿ ಬರೋಣ."

ಮಾರಪ್ಪ ದೋಣಿಯನ್ನು ಆ ಕಡೆಗೆ ತಿರುಗಿಸಿದ.